ಜಾಕೀಟಿಗೊಂದು ಛತ್ರಿ

ರಾಯಚೂರಿನ ಬಿಸಿಲನ್ನು ಬೈಯದವರು ಯಾರಿದ್ದಾರೆ ಹೇಳಿ? ಆದರೆ ಬಿಸಿಲಿನ ಮೇಲೆ ಹಗೆ ಸಾಧಿಸುವ ಮನುಷ್ಯ ಇಡೀ ಊರಿಗೆ ಒಬ್ಬನೇ, ಅವನು ನನ್ನ ಸೋದರಮಾವ! ಅದೂ ತನ್ನ ಮೈ ಸುಡುತ್ತದೆಂದಲ್ಲ. ನನ್ನ ಅತ್ತೆಯ ಜಾಕೀಟಿನ ಬಣ್ಣ ಹಾರುತ್ತದೆಂದು.

ಅತ್ತೆ ಪೌರಕಾರ್ಮಿಕಳು. ಬೆಳಗಿನ ಐದೂವರೆಗೆಲ್ಲ ಸೀರೆಯ ಮೇಲೆ ಆ ಕಣ್ಣು ಕುಕ್ಕುವ ಹಸಿರು ಜಾಕೀಟು ತೊಟ್ಟು, ಲಾರಿಗಳು ಊರೊಳಗೆ ಬರುವ ದೊಡ್ಡ ರಸ್ತೆಯಲ್ಲಿ ಕಸ ಗುಡಿಸುತ್ತಿರುತ್ತಾಳೆ. ಓಣಿಯವರ ಜಾಕೀಟುಗಳೆಲ್ಲ ಮಾಳಿಗೆಯ ಮೇಲೆ ಒಣಗುತ್ತವೆ. ಮಾವನ ಮನೆಯಲ್ಲಿ ಮದುವೆಯ ರೇಷ್ಮೆ ಸೀರೆ ಮಾಳಿಗೆಯ ಮೇಲೆ, ಜಾಕೀಟು ಮಂಚದ ಕೆಳಗೆ! ಹನ್ನೊಂದಕ್ಕೆ ಅತ್ತೆಯ ಕೆಲಸ ಮುಗಿಯುವ ಹೊತ್ತಿಗೆ ಮಾವ ಛತ್ರಿ ಸಮೇತ ಹಾಜರು. ‘ಎಂಥಾ ಪುಣ್ಯ ಮಾಡಿದಿ ಬೇ, ಗಂಡ ಛತ್ರಿ ತಂದಾನ’ ಎಂದು ಮೊದಲ ದಿನ ಜೊತೆಗಾರ್ತಿಯರು ಕರುಬಿದರಂತೆ. ಮಾವ ಜಾಕೀಟು ಬಿಚ್ಚಿಸಿಕೊಂಡ, ಮಡಚಿ ಕಂಕುಳಲ್ಲಿಟ್ಟುಕೊಂಡ, ಛತ್ರಿ ಬಿಡಿಸಿ ಮುಂದೆ ನಡೆದ. ಅತ್ತೆ ತಲೆಯ ಮೇಲೆ ಸೆರಗು ಹಾಕಿಕೊಂಡು ಬಿಸಿಲಲ್ಲಿ ಹಿಂದೆ ಹಿಂದೆ!

‘ನಾ ಕರ್ರಗಾದರ ನಡಿತದೇನು?’ ಎಂದಳು ಅತ್ತೆ.

‘ನಿನ್ನ ಮೈಬಣ್ಣ ನೋಡಿ ಯಾವ ಲಾರಿನೂ ಬ್ರೇಕ್ ಹೊಡಿಯಂಗಿಲ್ಲ ಬೇ!’

ನಗಬೇಡಿ. ಮಾವ ಮೂವತ್ತು ವರ್ಷ ಮಾನ್ವಿ ಕಡೆಯಿಂದ ರಾಯಚೂರಿನ ಗಿರಣಿಗಳಿಗೆ ಭತ್ತದ ಲಾರಿ ಓಡಿಸಿದವನು. ನಾನು ದೇವದುರ್ಗದಲ್ಲಿ ಮಕ್ಕಳಿಗೆ ಪಾಠ ಹೇಳುವವನಾದ್ದರಿಂದ ನನಗೇ ಪಾಠ ಹೇಳುವುದೆಂದರೆ ಅವನಿಗೆ ಬಲು ಖುಷಿ. ‘ಮಾಸ್ತರ, ನಸುಕಿನ್ಯಾಗ ಡ್ರೈವರ್‌ಗೆ ಮನಷ್ಯಾ ಕಾಣಂಗಿಲ್ಲ, ಬಣ್ಣ ಕಾಣ್ತದ. ಆ ಬಣ್ಣ ಬಿಸಿಲಿಂದನ ಹೊಳಿತದ, ಅದನ್ನ ಬಿಸಿಲ ತಿಂತದ. ದಿನಾ ನೋಡೋರಿಗೆ ಗೊತ್ತಾಗಂಗಿಲ್ಲ.’ ಮಾತು ನಿಜವೇ. ದಿನವೂ ನೋಡುವ ಮುಖಕ್ಕೆ ವಯಸ್ಸಾಗಿದ್ದು ನಮಗೆಲ್ಲಿ ತಿಳಿಯುತ್ತದೆ?

ಅದಕ್ಕೇ ಅವನು ಹೊಸ ಜಾಕೀಟಿನ ಒಳಅಂಚಿನಿಂದ ಬೆರಳಗಲದ ತುಂಡು ಕತ್ತರಿಸಿ, ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದ. ಬಿಸಿಲು ಕಾಣದ ಅಸಲಿ ಬಣ್ಣ! ತಿಂಗಳಿಗೊಮ್ಮೆ ಅತ್ತೆಯ ಬೆನ್ನಿಗೆ ಅದನ್ನು ಹಿಡಿದು ಹೋಲಿಸಬೇಕು. ಅತ್ತೆಯ ಬೆನ್ನೊಂದೇ ಆಗಿದ್ದರೆ ಸರಿ. ಕುರ್ಡಿ ಊರಿನ ಮದುವೆಗೆ ನಾವು ಮೂವರೂ ಹೊರಟಾಗ ಬಸ್ಸು ದಾರಿಯಲ್ಲಿ ನಿಂತದ್ದೇ ತಡ, ಕೆಳಗಿಳಿದು, ರಸ್ತೆ ಕೆಲಸದ ಒಬ್ಬ ಅಪರಿಚಿತನ ಬೆನ್ನಿಗೆ ತುಂಡು ಹಿಡಿದೇಬಿಟ್ಟ.

‘ಏನ್ರೀ ಯಜಮಾನ್ರ, ಅಂಗಿ ಹೊಲಿಸ್ತೀರೇನು?’

‘ಇದು ಸತ್ತದೋ ತಮ್ಮಾ! ಭತ್ತದ ಹುಲ್ಲಿನ ಬಣ್ಣ ಆಗೇದ. ಇವತ್ತ ಹೊಸಾದು ಕೇಳು!’

ಅವನನ್ನು ಎಳೆತರಲು ನಾನೂ ಅತ್ತೆಯೂ ಇಳಿದೆವು, ಇತ್ತ ಬಸ್ಸು ಹೊರಟುಹೋಯಿತು. ನಾವು ತಲುಪುವಷ್ಟರಲ್ಲಿ ಅಕ್ಷತೆ ಬಿದ್ದು ಊಟದ ಎರಡನೇ ಪಂಕ್ತಿಯೂ ಎದ್ದಿತ್ತು. ಅತ್ತೆ ನಾಲ್ಕು ದಿನ ಮಾತು ಬಿಟ್ಟಿದ್ದಳು.

ಇದರ ಜೊತೆಗೆ ಕಂಬದ ಪರೀಕ್ಷೆ ಬೇರೆ. ನಸುಕಿನಲ್ಲಿ ಅತ್ತೆ ಜಾಕೀಟು ತೊಟ್ಟು ರಸ್ತೆಯ ಉದ್ದಕ್ಕೂ ನಡೆಯಬೇಕು, ಮಾವ ಈ ತುದಿಯಲ್ಲಿ ನಿಂತು ಎಷ್ಟನೇ ಲೈಟಿನ ಕಂಬದವರೆಗೆ ಕಾಣುತ್ತಾಳೆಂದು ಎಣಿಸಬೇಕು. ಮೊದಲು ಹತ್ತು ಕಂಬ ಕಾಣುತ್ತಿದ್ದದ್ದು ಈ ವರ್ಷ ಆರಕ್ಕೆ ಇಳಿಯಿತು. ಮಾವ ಅತ್ತೆಯ ಕೆಲಸದ ಮೇಸ್ತ್ರಿಯ ಬೆನ್ನು ಹತ್ತಿ ಹೊಸ ಜಾಕೀಟು ತಂದ. ಐದೇ ಕಂಬ! ಮತ್ತೊಂದು ತಂದ. ನಾಲ್ಕು! ಚೀಲದ ತುಂಡಿಗೂ ಹೊಸ ಜಾಕೀಟಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಆದರೂ ನಾಲ್ಕು!

ಆಮೇಲೆ ಮಾವ ತಮಾಷೆಯ ಮನುಷ್ಯನಾಗಿ ಉಳಿಯಲಿಲ್ಲ. ಊಟ ಕಡಿಮೆ ಮಾಡಿದ. ‘ನಾಳಿಂದ ಕೆಲಸಕ್ಕ ಹೋಗಬ್ಯಾಡ’ ಎಂದು ಬಾಗಿಲಿಗೆ ಅಡ್ಡ ನಿಂತ. ‘ಹದಿನೆಂಟು ವರ್ಷ ಮಾಡೀನಿ, ನಿನ್ನ ಹುಚ್ಚಿಗೆ ಬಿಡಲೇನು?’ ಎಂದು ಅತ್ತೆ ಅತ್ತಳು. ಅವಳಿಂದ ನನಗೆ ಫೋನು ಬಂತು. ಭಾನುವಾರ ಬೆಳಗಾಗುವ ಮೊದಲೇ ಮಾವನ ಪಕ್ಕದಲ್ಲಿ ನಿಂತಿದ್ದೆ.

ಅತ್ತೆ ನಡೆಯುತ್ತಾ ಹೋದಳು. ‘ನೋಡು, ನಾಕನೇ ಕಂಬ. ಹೋತು, ಮುಳುಗಿದ್ಲು’ ಎಂದ ಮಾವ. ನಾನು ಎಣಿಸುತ್ತಲೇ ಹೋದೆ. ಎಂಟು, ಒಂಬತ್ತು, ಹತ್ತು. ಹತ್ತನೇ ಕಂಬದ ಬುಡದಲ್ಲಿ ಅತ್ತೆ ಹಸಿರಾಗಿ ಹೊಳೆಯುತ್ತಾ, ಪೊರಕೆ ಎತ್ತಿ ಬೀಸುತ್ತಿದ್ದಳು.

‘ಮಾವಾ, ನನಗ ಕಾಣಾಕತ್ತಾಳ’ ಎಂದೆ ಮೆಲ್ಲಗೆ. ‘ಜಾಕೀಟು ಚಲೋ ಅದ. ನಿನ್ನ ಕಣ್ಣಿಗೆ ಪೊರಿ ಬಂದಿರಬೇಕು.’

ಅವನು ನಂಬಲಿಲ್ಲ. ಹಾದು ಹೋಗುತ್ತಿದ್ದ ಆಟೋದವನನ್ನು ಅಡ್ಡಗಟ್ಟಿದ. ‘ಯಪ್ಪಾ, ಅಲ್ಲಿ ದೂರದಾಗ ನಿನಗ ಏನರ ಕಾಣ್ತದೇನು?’

‘ಹಸಿರು ಜಾಕೀಟಿನ ಹೆಣ್ಮಗಳು ಕಾಣ್ತಾಳಲ್ರೀ. ಯಾಕ್ರೀ?’

ಕಣ್ಣು ಹೋಗುತ್ತಿದೆಯೆಂದು ತಿಳಿದ ಮನುಷ್ಯ ಕುಸಿಯುತ್ತಾನೆಂದು ನಾನು ತೋಳು ಹಿಡಿಯಲು ಕೈ ಚಾಚಿದೆ. ಮಾವ ನಗತೊಡಗಿದ! ನಗುತ್ತಲೇ ರಸ್ತೆಯ ಅಂಚಿನಲ್ಲಿ ಕೂತ, ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಅಷ್ಟು ದೂರದಿಂದ ಏದುಸಿರು ಬಿಡುತ್ತಾ ಓಡಿ ಬಂದ ಅತ್ತೆ, ‘ಏನಾತು? ಯಾಕ ಅಳಾಕತ್ತೀ?’ ಎಂದಳು.

ಮಾವ ಅವಳ ಕಡೆಗೆ ಮುಖವೆತ್ತಿದ.

‘ಏನೂ ಆಗಿಲ್ಲ ಬೇ. ನನಗಷ್ಟ ಕಾಣಲ್ದಂಗ ಆಗೀದಿ. ಲಾರಿಯವರಿಗೆ ಕಾಣ್ತೀ.’