ಬ್ರೇಕ್ ಹಾಕಬಾರ್ದ್…

ಕಾರಿನಲ್ಲಿ ಸ್ಟಿಯರಿಂಗ್ ಪಕ್ಕ ಒಂದು ಪರದೆ ಹೊಳೆಯುತ್ತಿರುತ್ತದಲ್ಲ, ಹಾಡು ಹಾಕುವುದು, ದಾರಿ ತೋರಿಸುವುದು, ಹಿಂದೆ ಗೋಡೆಯಿದೆ ಎಂದು ಕಿರುಚುವುದು ಎಲ್ಲ ಮಾಡುವಂಥದ್ದು? ಅದರೊಳಗಿನ ಸಾಫ್ಟ್‌ವೇರ್ ಬರೆಯುವ ಪ್ರಾಣಿ ನಾನು. ಅದು ಚೆನ್ನಾಗಿದ್ದರೆ ಜನ ಕಾರನ್ನು ಹೊಗಳುತ್ತಾರೆ. ಕೈಕೊಟ್ಟರೆ ನನ್ನನ್ನು ಹುಡುಕುತ್ತಾರೆ. ಹಾಗಾಗಿ ನನ್ನ ಹೊಟ್ಟೆಯೊಳಗೆ ಸದಾ ಯಾವುದೋ ಒಂದು ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ.

ಆ ವಾರವಂತೂ ದೀಪ ಆರಲೇ ಇಲ್ಲ. ಹೊಸ ಕಾರಿನಲ್ಲಿ ಓಡಿಸುವವರನ್ನು ಎಚ್ಚರಿಸುವ ಕನ್ನಡ ಧ್ವನಿಯೊಂದು ಬೇಕಿತ್ತು. ಕಲಾವಿದೆಯೊಬ್ಬರನ್ನು ಕರೆಸಿ "ದಯವಿಟ್ಟು ವೇಗವನ್ನು ತಗ್ಗಿಸಿ" ಎಂದು ಜೇನಿನಂಥ ದನಿಯಲ್ಲಿ ಹೇಳಿಸಿದ್ದೆ. ನಮ್ಮ ಬಾಸ್ ಕೇಳಿ ಆಕಳಿಸಿದರು. (ಗಂಟಲಿನ ಜೋರಿಗೆ ಮನಸೋತು ನಾವೆಲ್ಲ ಅವರನ್ನು ಬೆನ್ನ ಹಿಂದೆ 'ಹಾರ್ನ್ ಸಾಹೇಬರು' ಎನ್ನುತ್ತೇವೆ. ಎದುರಿಗೆ ಬರೀ 'ಸರ್'.)

"ಏನ್ರೀ ಇದು, ನಿದ್ದೆ ಬರ್ತಿದೆ! ಮನೆಯವರು ಪಕ್ಕದಲ್ಲಿ ಕೂತು ಹೇಳಿದ ಹಾಗಿರ್ಬೇಕು. ಸೋಮವಾರ ನಾನೇ ಓಡಿಸಿ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ನಿಮ್ಮನ್ನ ವೈಪರ್ ವಿಭಾಗಕ್ಕೆ ಹಾಕ್ತೀನಿ, ನೋಡ್ತಿರಿ."

ವೈಪರ್! ಅದೂ ಹಿಂದಿನ ಗಾಜಿನ ವೈಪರ್! ಹಾಡಿಲ್ಲ, ನಕ್ಷೆಯಿಲ್ಲ, ಎಡಕ್ಕೆ ಬಲಕ್ಕೆ ಆಡುವ ಒಂದೇ ಒಂದು ಕಡ್ಡಿ. ಇಷ್ಟು ವರ್ಷ ಬಣ್ಣದ ಪರದೆಗಳ ಮಧ್ಯೆ ಮೆರೆದವನು ನಾನು. ಸುಳ್ಳೇಕೆ ಹೇಳಲಿ, ಲಿಫ್ಟಿನಲ್ಲಿ ಇಳಿಯುವಾಗ ಕಣ್ಣಲ್ಲಿ ನೀರೇ ಬಂತು.

ಮನೆಗೆ ಬಂದು ಶೂ ಬಿಚ್ಚುತ್ತಿದ್ದೆ. ಒಳಗಿನಿಂದ ಅಶರೀರವಾಣಿಯಾಯಿತು: "ರೀ, ಶೂ ಆ ಕಡೆ ಬಿಡಬಾರ್ದಾ?"

ನನ್ನ ಕಾಲು ನನ್ನನ್ನು ಕೇಳದೆಯೇ ಆ ಕಡೆ ನಡೆಯಿತು. ಅಲ್ಲೇ, ಒಂದು ಕಾಲಲ್ಲಿ ಶೂ ಇರುವಾಗಲೇ ನನಗೆ ಜ್ಞಾನೋದಯವಾಯಿತು. ಈ ದನಿ ಕೇಳಿಯೂ ಮಾತು ಮೀರುವ ಚಾಲಕ ಭೂಮಂಡಲದಲ್ಲೇ ಇರಲಾರ!

"ಇವಳೇ, ನಿನ್ನ ಧ್ವನಿ ಬೇಕಾಗಿದೆ," ಎಂದೆ ಅಡುಗೆಮನೆ ಬಾಗಿಲಲ್ಲಿ ನಿಂತು.

"ಇಷ್ಟು ದಿನ ಬೇಡವಾಗಿದ್ದು ಈಗ್ಯಾಕಪ್ಪಾ ಬೇಕಾಯ್ತು?"

"ಕಾರಿಗೆ."

"ಹಾಗನ್ನಿ. ನಿಮಗಲ್ಲ."

ಪ್ರತಿಧ್ವನಿ ಬರಬಾರದೆಂದು ಬಟ್ಟೆ ಬೀರುವಿನ ಬಾಗಿಲು ತೆರೆದು, ತೂಗುಹಾಕಿದ್ದ ನನ್ನ ಶರಟುಗಳ ಮಧ್ಯೆ ಅವಳ ತಲೆಯನ್ನು ತೂರಿಸಿ ನಿಲ್ಲಿಸಿದೆ. ಕೈಗೆ ಚೀಟಿ ಕೊಟ್ಟೆ. "'ನಿಧಾನವಾಗಿ ಚಲಿಸಿರಿ'? ಯಾರ್ರೀ ಹೀಗೆ ಮಾತಾಡ್ತಾರೆ?" ಎಂದು ಚೀಟಿಯನ್ನು ನನ್ನ ಜೇಬಿಗೇ ತುರುಕಿ, ತನ್ನದೇ ಧಾಟಿಯಲ್ಲಿ ಶುರುಮಾಡಿದಳು. "ಸ್ವಲ್ಪ ನಿಧಾನ ಹೋಗಬಾರ್ದಾ?" "ಎದುರಿಗೆ ಕಾಣಲ್ವಾ? ಬ್ರೇಕ್ ಹಾಕಬಾರ್ದಾ?" ಆಹಾ! ಅದರಲ್ಲಿ ಕಾಳಜಿಯಿತ್ತು, ಗದರಿಕೆಯಿತ್ತು, ತವರಿಗೆ ಫೋನು ಹೋಗುವ ಸೂಚನೆಯೂ ಇತ್ತು.

"ಎಲ್ಲಾ ಪೂರ್ತಿ ಒಂದ್ಸಲ ಕೇಳಿ ನೋಡ್ರೀ," ಎಂದಳು ಬೀರುವಿನಿಂದ ಹೊರಬಂದು.

"ಆಯ್ತು, ಆಯ್ತು," ಎಂದೆ. (ನಮ್ಮ ಮನೆಯಲ್ಲಿ 'ಆಯ್ತು, ಆಯ್ತು' ಎಂದರೆ ಆಗುವುದಿಲ್ಲ ಎಂದರ್ಥ.)

ಆದರೆ ಕಾರಿನ ಮೆಮೊರಿ ಡಬ್ಬಿಯೊಳಗೆ ಜಾಗವಿರಲಿಲ್ಲ. ನಕ್ಷೆ, ಹಾಡು, ಹಿಂದಿನ ಕ್ಯಾಮೆರಾ ಎಲ್ಲ ಕಾಲು ಚಾಚಿ ಮಲಗಿ, ಧ್ವನಿಗೆ ಉಳಿದಿದ್ದು ಒಂದು ಮೂಲೆ. ಅವಳ ಮಾತುಗಳು ಕೂದಲೆಳೆಯಷ್ಟು ಹೆಚ್ಚಾದವು. ಪ್ರತಿ ಮಾತಿನ ಬಾಲದಿಂದ ಒಂದೊಂದು ಚೂರು ಕತ್ತರಿಸುವಂತೆ ಪ್ರೋಗ್ರಾಮ್ ಬರೆದೆ. ಮಾತಿನ ಕೊನೆಯಲ್ಲಿ ಇರುವುದು ಮೌನ ತಾನೇ! (ನನ್ನ ಹೆಂಡತಿಯ ಮಾತಿನ ಕೊನೆಯಲ್ಲಿ ಮೌನವಿರುತ್ತದೆಂದು ನಂಬಿದವನಿಗೆ ಎಂಜಿನಿಯರಿಂಗ್ ಪದವಿ ಕೊಟ್ಟವರು ಯಾರೋ.) ಪ್ರತಿಯೊಂದರ ಆರಂಭ ಕೇಳಿದೆ. ಸರಿಯಾಗಿತ್ತು. ಮುಂದಕ್ಕೆ ಸರಿದೆ.

ಸೋಮವಾರ ಸಾಹೇಬರು ಕಾರ್ಖಾನೆಯ ಹಿಂದಿನ ಪರೀಕ್ಷಾ ರಸ್ತೆಗೆ ಗಾಡಿ ಇಳಿಸಿದರು. ಪಕ್ಕದಲ್ಲಿ ನಾನು, ಸೀಟ್ ಬೆಲ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು. ವೇಗ ಏರಿತು. ನನ್ನ ಹೆಂಡತಿ ಡ್ಯಾಶ್‌ಬೋರ್ಡಿನೊಳಗಿಂದ ಖಡಕ್ಕಾಗಿ ಹೇಳಿದಳು:

"ಸ್ವಲ್ಪ ನಿಧಾನ ಹೋಗಬಾರ್ದ್."

ನನ್ನ ಜೀವ ಬಾಯಿಗೆ ಬಂತು.

"ನಿಧಾನ ಹೋಗಬಾರ್ದಂತೆ! ಭೇಷ್, ಗಾಡಿಗೆ ಧೈರ್ಯ ಇದೆ ಕಣ್ರೀ!" ಎಂದು ಸಾಹೇಬರು ಇನ್ನಷ್ಟು ಒತ್ತಿದರು.

"ಸರ್, ಅದು ಪ್ರಶ್ನೆ ಸರ್! ಹೋಗಬಾರ್ದಾ ಅಂತ! ಕೊನೇಲಿ ಒಂದು 'ಆ' ಇತ್ತು ಸರ್!"

"ಎಲ್ಲಿದೆ 'ಆ'?"

"ಆ…" ಎಂದೆ. ಅಷ್ಟರಲ್ಲಿ ತಿರುವಿನಾಚೆ ಹಳೇ ಟೈರುಗಳ ರಾಶಿ ಕಂಡಿತು. ನನ್ನ 'ಆ' ತಾನಾಗಿಯೇ ಉದ್ದವಾಗುತ್ತಾ ಹೋಯಿತು.

"ಎದುರಿಗೆ ಕಾಣಲ್ವಾ? ಬ್ರೇಕ್ ಹಾಕಬಾರ್ದ್."

ಬ್ರೇಕಿನ ಕಡೆ ಹೊರಟಿದ್ದ ಸಾಹೇಬರ ಕಾಲು ಒಂದು ಗಳಿಗೆ ಅನುಮಾನಿಸಿತು. ಆ ಗಳಿಗೆ ಸಾಕಾಗಿತ್ತು. ದಢಾರ್! ಟೈರುಗಳು ಮೆತ್ತಗಿದ್ದವು, ಯಾರಿಗೂ ಏನೂ ಆಗಲಿಲ್ಲ. ಬಂಪರ್ ಮಾತ್ರ ಕಳಚಿ ಬಿತ್ತು. ಪರದೆ ಏನೂ ಗೊತ್ತಿಲ್ಲದಂತೆ ಕೊಳಲಿನ ಹಾಡು ಶುರುಮಾಡಿತು.

"ಯಾರ ಧ್ವನಿ?" ಎಂದರು ಸಾಹೇಬರು, ಬಹಳ ಮೆಲ್ಲಗೆ. ಹಾರ್ನ್ ಕೆಟ್ಟುಹೋಗಿದ್ದು ಕಂಡು ನನಗೆ ಇನ್ನೂ ದಿಗಿಲಾಯಿತು.

"ನಮ್ಮ ಮನೆಯವಳದ್ದು ಸರ್."

"ಕರೆಸಿ."

ಬಂದಳು. ಸಾಹೇಬರ ಕೋಣೆಯಲ್ಲಿ ತನ್ನದೇ ಮಾತು ಕೇಳಿಸಿಕೊಂಡು ನನ್ನ ಕಡೆ ನೋಡಿದಳು. "ಬಾಲ ಕತ್ತರಿಸಿದ್ದು ಇವರೇ ಸರ್. ಮನೇಲೂ ಅಷ್ಟೇ. ನನ್ನ ಮಾತು ಕೊನೇವರೆಗೂ ಕೇಳಿದ್ದೇ ಇಲ್ಲ."

ಸಾಹೇಬರು ನನ್ನನ್ನು ಹೊರಗೆ ಕಳಿಸಿದರು. ಹೊರಡುವಾಗ ಅವಳಿಗೆ ಕಣ್ಣಲ್ಲೇ ಕೈಮುಗಿದು, ಬಾಗಿಲಿಗೆ ಕಿವಿ ಹಚ್ಚಿ ನಿಂತೆ.

"ನೀವೇ ಹೇಳಿ ಮೇಡಂ. ಇವರನ್ನ ವೈಪರಿಗೆ ಕಳಿಸ್ಲಾ, ಬೇಡ್ವಾ?"

ಅದೇ ಖಡಕ್ ದನಿ: "ಇವರು ವೈಪರಿಗೆ ಹೋಗಬಾರ್ದ್—"

ಅಷ್ಟು ಸಾಕಿತ್ತು! ಬದುಕಿದೆಯಾ ಬಡಜೀವವೇ ಎಂದು ಒಂದೇ ಉಸಿರಿಗೆ ಕ್ಯಾಂಟೀನಿಗೆ ಓಡಿದೆ. ಸಿಕ್ಕಸಿಕ್ಕವರಿಗೆಲ್ಲ ಟೀ ಕೊಡಿಸಿದೆ. ಹೆಂಡತಿ ಅಂದರೆ ಹೀಗಿರಬೇಕು ಎಂದು ಕುರ್ಚಿ ಹತ್ತಿ ಭಾಷಣ ಮಾಡಿದೆ. ಭಾಷಣದ ಮಧ್ಯೆ ಅವಳು ನಗುತ್ತಾ ಬಂದಳು.

"ಯಾಕ್ರೀ ಓಡಿಬಂದ್ರಿ? ಪೂರ್ತಿ ಕೇಳಿಸ್ಕೊಂಡ್ರಾ?"

"ಕೇಳಿದೆ ಕಣೇ! ವೈಪರಿಗೆ ಹೋಗಬಾರ್ದು ಅಂದ್ಯಲ್ಲ, ನನ್ನ ಮಾನ ಉಳಿಸಿದೆ!"

"ಹೋಗಬಾರ್ದಾ ಸರ್, ಅಂದೆ ಕಣ್ರೀ! ಅಲ್ಲಿಯವರೆಲ್ಲ ಬೆಳಕಿರುವಾಗಲೇ ಮನೆ ಸೇರ್ತಾರಂತೆ. ತಲೆಬಿಸಿ, ಗಾಬರಿ ಒಂದೂ ಇಲ್ವಂತೆ. ನಿಮ್ಮ ಸಾಹೇಬ್ರೂ ಒಪ್ಕೊಂಡ್ರು. ಧ್ವನಿ ಪರೀಕ್ಷೆ ಮಾಡೋಕೆ ನಿಮ್ಮ ಜಾಗಕ್ಕೆ ನನ್ನನ್ನೇ ಬರೋಕೆ ಹೇಳಿದ್ದಾರೆ."

ಕುರ್ಚಿಯಿಂದ ಇಳಿದು, ಮೆಲ್ಲಗೆ ಬಾಗಿಲ ಕಡೆ ಹೊರಟೆ.

"ರೀ, ಎಲ್ಲಿಗೆ? ನನ್ನ ಮಾತು ಮುಗಿಯೋವರೆಗೂ ಒಂದ್ಸಲ ನಿಂತ್ಕೋಬಾರ್ದಾ?"

ನಿಂತೆ. ಅವಳು ಇನ್ನೂ ಮುಗಿಸಿಲ್ಲ.