ಕ್ರಿಸ್ಮಸ್ ಗಿಡದ ಕೂಳೆ

ಮಂಡ್ಯ ಜಿಲ್ಲೆಯಲ್ಲಿ ನನಗೆ ಗೊತ್ತಾಗದಂತೆ ಒಂದು ಬೆಕ್ಕೂ ಹಾಲು ಕುಡಿದಿಲ್ಲ. ಇದರಲ್ಲಿ ಅರ್ಧ ಸುಳ್ಳು. ಜಿಲ್ಲೆ ಬಿಡಿ, ಮಳವಳ್ಳಿಯ ನಮ್ಮ ಬೀದಿಯ ಮಟ್ಟಿಗೆ ನಿಜ. ಅಲ್ಲೂ ಶಶಿಧರನ ಬೇಲಿಯ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ಮಾತ್ರ ನನಗೆ ಕಾಣುತ್ತಿರಲಿಲ್ಲ.

ನರ್ಸರಿಯವರು ಕ್ರಿಸ್ಮಸ್ ಗಿಡ ಎಂದು ಕೊಟ್ಟ ಮೊಳದುದ್ದದ ಸಸಿಗಳನ್ನು ಅವನು ಪಕ್ಕದ ಮನೆಯ ಗಡಿಗೆ ನೆಟ್ಟಿದ್ದ. ಅವು ಬೆಳೆದ ಪರಿಗೆ ಮೋಡಗಳು ಬಳಸಿಕೊಂಡು ಹೋಗಬೇಕಾಗಿತ್ತು. ಹೊರಗೆ ಹಸಿರು, ಒಳಗೆ ಬರಿ ಕಡ್ಡಿ, ನಡುವೆ ಒಬ್ಬ ಕೂರುವಷ್ಟು ಪೊಳ್ಳು. ಅವನಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಹೆಂಡತಿ ಅಮೃತ ಕರಿದ ತಿಂಡಿಯ ಹೆಸರೆತ್ತಲೂ ಬಿಡುತ್ತಿರಲಿಲ್ಲ. ಮದ್ದೂರಿನಲ್ಲಿ ಗುಮಾಸ್ತನಾದ ಶಶಿಧರ ಸಂಜೆ ಬಸ್ಸಿಳಿದು, ಓಣಿಯ ಕಡೆಯಿಂದ ಬೇಲಿಯೊಳಗೆ ತೂರಿ, ಕಲ್ಲಿನ ಮೇಲೆ ಕೂತು, ಕಾಗದದಲ್ಲಿ ಕಟ್ಟಿಸಿಕೊಂಡ ಮದ್ದೂರು ವಡೆ ಮುಗಿಸಿಯೇ ಮನೆಗೆ ಹೋಗುತ್ತಿದ್ದ.

ಪಕ್ಕದ ಮನೆ ಅರ್ಚಕ ತಿರುನಾರಾಯಣರದು. ಅವರ ಹೆಂಡತಿ ಕನಕಲಕ್ಷ್ಮಿಯವರ ಹಪ್ಪಳ ಬೇಲಿಯ ನೆರಳಿಗೆ ಒಣಗದೆ ಬೂಸಲು ಹಿಡಿಯಿತು. ಅಮೃತಳೂ ಅವರ ಪಕ್ಷ ವಹಿಸಿದಳು. ಭಾನುವಾರ ಶಶಿಧರ ಸೋತು, ಕಲ್ಲಿನ ಮೇಲೆ ಕೂತರೆ ನೆತ್ತಿ ಕಾಣದ ಹಾಗೆ ಎದೆಮಟ್ಟಕ್ಕೆ ದಾರ ಕಟ್ಟಿ, ಕಬ್ಬು ಕಡಿಯುವ ಚೌಡಯ್ಯನನ್ನು ಕರೆಸಿದ. ದಾರದ ಮೇಲಿನದು ಮಾತ್ರ ಎಂದು ಹೇಳಿ ಸ್ನಾನಕ್ಕೆ ಹೋದ.

ಬರುವಷ್ಟರಲ್ಲಿ ಬೇಲಿ ನೆಲ ಕಚ್ಚಿತ್ತು. ಹಿತ್ತಲು ಮುಂಡನ ಮಾಡಿಸಿಕೊಂಡ ತಲೆಯಂತೆ ಹೊಳೆಯುತ್ತಿತ್ತು.

"ಅಣ್ಣೋ, ನಡುಮದ್ಯಕ್ ಯಾರಾರ ಕಡೀತಾರಾ? ಬುಡಕ್ ಕುಯ್ದಿವ್ನಿ. ಕೂಳೆ ಎಂಗ್ ಬತ್ತದೆ ನೋಡ್ತಿರು," ಎಂದ ಚೌಡಯ್ಯ. ಕಡಿದ ಕಬ್ಬು ಬುಡದಿಂದ ಮತ್ತೆ ಚಿಗುರುವಂತೆ ಲೋಕದ ಗಿಡಗಳೆಲ್ಲ ಚಿಗುರುತ್ತವೆಂದು ಅವನ ನಂಬಿಕೆ.

ಅಷ್ಟರಲ್ಲಿ ಅಮೃತ ಬೇಲಿಯ ಇನ್ನೊಂದು ತುದಿಯಲ್ಲಿ, ಅರ್ಚಕರ ಮನೆಯ ನೀರಿನ ತೊಟ್ಟಿಯ ಬಳಿ, ಬಗ್ಗಿದಳು. ಎಣ್ಣೆ ಕುಡಿದ ಕಾಗದಗಳ ಗುಡ್ಡೆಯೊಂದಿತ್ತು. ಒಂದನ್ನು ಬಿಡಿಸಿದಳು. ಒಳಗೆ ಒಣಗಿದ ಈರುಳ್ಳಿ ಚೂರು.

"ಏನ್ರೀ ಇದು?"

ಶಶಿಧರನಿಗೆ ನಿಜವಾಗಿಯೂ ಸಿಟ್ಟು ಬಂತು. ಆ ತುದಿಗೆ ಅವನು ಹೋದವನೇ ಅಲ್ಲ.

"ನಂದಲ್ಲ ಕಣೆ. ನಾನ್ ಈರುಳ್ಳಿ ಬುಡೋನಾ? ನನ್ ಪೇಪರ್ನ ಮಡಚ್ಕೊಂಡು ವಾಪಸ್ ಮದ್ದೂರಿಗೇ ಒಯ್ತೀನಿ."

ಹೇಳಿಯಾದ ಮೇಲೆ ಹೋಗಿ ತನ್ನ ಕಲ್ಲಿಗೆ ಅಡ್ಡ ನಿಂತ.

ಗಡಿಯಾಚೆ ಗಂಡನೊಡನೆ ನಿಂತು ನೋಡುತ್ತಿದ್ದ ಕನಕಲಕ್ಷ್ಮಿ ಕಾಗದ ಇಸಿದುಕೊಂಡು ಮೂಸಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಏನೂಂದ್ರೆ, ಪಾಪ, ಯಾರೋ ಮಡಿವಂತರು. ಈರುಳ್ಳಿ ಆರಿಸಿಟ್ಟು ತಿಂದಿದ್ದಾರೆ."

ತಿರುನಾರಾಯಣರು ಮಳೆ ಬರುವ ಸೂಚನೆ ಇದೆಯೇ ಎಂದು ಆಕಾಶ ನೋಡಿದರು.

ಕೂಳೆ ಇವತ್ತಿಗೂ ಬಂದಿಲ್ಲ. ಬಿಸಿಲು ಮಾತ್ರ ಧಾರಾಳ. ಸಂಜೆಯಾದರೆ ಅದೇ ಕಲ್ಲಿನ ಮೇಲೆ ಅಮೃತ, ಕನಕಲಕ್ಷ್ಮಿ ಹಪ್ಪಳ ಕಾಯುತ್ತ ಕೂರುತ್ತಾರೆ, ನಡುವೆ ಒಂದು ಪೊಟ್ಟಣ. ಅದನ್ನು ಮದ್ದೂರಿನಿಂದ ಬಿಸಿ ಆರದಂತೆ ಹೊತ್ತು ತರುವವನು ಶಶಿಧರ. ತಂದು ಕೊಟ್ಟು, ಒಳಗೆ ಹೋಗಿ ಮುದ್ದೆ ಉಣ್ಣಬೇಕು. ಪೊಟ್ಟಣದಲ್ಲಿ ಏನಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಕನಕಲಕ್ಷ್ಮಿಯವರ ಪಾಲಿನ ಈರುಳ್ಳಿ ಆರಿಸಿಕೊಡಲು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿರುವವರು ಯಾರು, ಅದನ್ನು ನೀವೇ ಹೇಳಿ.