ಸರ್ವೇ ಕ್ಯಾಂಪಿಗೆ ಬಂದ ಗೌರತ್ತೆ

ಚಿಂತೆ ನನ್ನ ಹುಟ್ಟುಗುಣ. ಬಸ್ಸು ಹತ್ತಿದರೆ ಮನೆ ಬೀಗದ ಚಿಂತೆ. ಬೀಗ ನೋಡಲು ಇಳಿದರೆ ಹೊರಟುಹೋದ ಬಸ್ಸಿನ ಚಿಂತೆ. ಇಷ್ಟು ವಯಸ್ಸಿನಲ್ಲಿ ಒಂದೇ ಒಂದು ಕೆಲಸಕ್ಕೆ ನಾನು ಎಡವಟ್ಟಾದೀತೆಂಬ ಚಿಂತೆಯಿಲ್ಲದೆ ಹೊರಟಿದ್ದೇನೆ. ಅದು ಕಾಲೇಜಿನ ಸರ್ವೇ ಕ್ಯಾಂಪು. ಅಂದಿನಿಂದ ಚಿಂತೆಯನ್ನು ಮನೆಯಲ್ಲಿ ಬಿಟ್ಟು ಎಲ್ಲಿಗೂ ಹೋಗಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಜ್ಜಂಪುರದಿಂದ ಹೋಗಿ ಸಿವಿಲ್ ಎಂಜಿನಿಯರಿಂಗ್ ಸೇರಿದ್ದೆ. "ಗಾರೆ ಕೆಲಸ ಕಲಿಯೋಕೆ ಕಾಲೇಜು ಯಾಕೆ?" ಎಂದು ನೆಂಟರು ಕೇಳುತ್ತಿದ್ದ ಕಾಲ. ನಮ್ಮ ತರಗತಿಯಲ್ಲಿ ಹುಡುಗಿಯರ ಸಂಘವೊಂದನ್ನು ಮಾಡಿದ್ದರೆ ಅಧ್ಯಕ್ಷೆ, ಕಾರ್ಯದರ್ಶಿ, ಸಭಿಕರು ಎಲ್ಲ ನಾನೇ ಆಗಬೇಕಿತ್ತು. ಮುಂದಿನ ಬೆಂಚು ನನಗೆ ಮೀಸಲು. ಅದರ ಹಿಂದಿನ ಬೆಂಚು ಸದಾ ಖಾಲಿ. ಅದು ಸಭ್ಯತೆಗೆ ಮೀಸಲು.

ಹುಡುಗರು ಕೆಟ್ಟವರಲ್ಲ. ಹೆಚ್ಚಿನವರು ನಮ್ಮ ಕಡೂರು, ತರೀಕೆರೆ ಕಡೆಯವರೇ. ಹುಡುಗಿಯ ಜೊತೆ ಒಂದು ಮಾತಾಡಿದರೆ ಆ ಸುದ್ದಿ ತಮಗಿಂತ ಮೊದಲು ಬೀರೂರಿನಲ್ಲಿ ಗಾಡಿ ಬದಲಿಸಿ ಮನೆ ಸೇರುತ್ತದೆಂದು ಅವರಿಗೆ ಗೊತ್ತಿತ್ತು. ಹಾಗಾಗಿ ಮಾತಾಡುತ್ತಿರಲಿಲ್ಲ. ತೀರಾ ಅಗತ್ಯ ಬಿದ್ದರೆ ನನ್ನ ಕೈಯಲ್ಲಿದ್ದ ಛತ್ರಿಯ ಜೊತೆ ಮಾತಾಡುತ್ತಿದ್ದರು.

ಛತ್ರಿಯ ವಿಷಯ ಹೇಳಬೇಕು. ಥಿಯೋಡೊಲೈಟ್ ಎಂಬ ಯಂತ್ರವಿದೆ. ಮೂರು ಕಾಲಿನ ಮೇಲೆ ಕೂರಿಸಿ, ದುರ್ಬೀನಿನಲ್ಲಿ ದೂರದ ಕೋಲು ನೋಡಿ, ಕೋನ ಅಳೆಯುವುದು. ಅದಕ್ಕೆ ಬಿಸಿಲು ತಾಗಬಾರದು. ನಮ್ಮ ಬ್ಯಾಚಿನಲ್ಲಿ ಹುಡುಗರು ಅಳೆಯುತ್ತಿದ್ದರು, ನಾನು ಯಂತ್ರಕ್ಕೆ ಛತ್ರಿ ಹಿಡಿಯುತ್ತಿದ್ದೆ. "ಛತ್ರಿ ಸ್ವಲ್ಪ ಈ ಕಡೆ ಬರ್ಲಿ," ಎನ್ನುತ್ತಿದ್ದ ಬ್ಯಾಚಿನ ಮುಖಂಡ ಸದಾನಂದ, ಆಕಾಶ ನೋಡುತ್ತ. ಛತ್ರಿ ಆ ಕಡೆ ಹೋಗುತ್ತಿತ್ತು. ಅದರ ಹಿಂದೆ ನಾನೂ ಹೋಗುತ್ತಿದ್ದೆ. ವರ್ಷಗಟ್ಟಲೆ ಸರ್ವೇ ಓದಿದ್ದರೂ ಆ ಯಂತ್ರವನ್ನು ನಾನು ಒಂದು ಸಲವೂ ಮುಟ್ಟಿರಲಿಲ್ಲ.

ಕ್ಯಾಂಪಿನ ಕೊನೆಯಲ್ಲಿ ಹೊರಗಿನ ಪರೀಕ್ಷಕರು ಬಂದು, ಪ್ರತಿಯೊಬ್ಬರಿಗೂ ಯಂತ್ರ ಕೂರಿಸಲು ಹೇಳಿ ನೋಡುತ್ತಾರೆ. ಬರದಿದ್ದವರು ಫೇಲು. ಫೇಲಾಗಿ ಊರಿಗೆ ಬಂದರೆ ಅಪ್ಪ ಮತ್ತೆ ಕಳಿಸುವುದಿಲ್ಲ. ತೆಂಗಿನಕಾಯಿ ಮಂಡಿಯವರ ಮಗನ ಜಾತಕ ಆಗಲೇ ನಮ್ಮ ದೇವರ ಗೂಡಿನಲ್ಲಿ ಕೂತಿತ್ತು. ಆದ್ದರಿಂದ ಕ್ಯಾಂಪಿಗೆ ಹೋಗಿ, ಹೇಗಾದರೂ ಯಂತ್ರ ಮುಟ್ಟಲೇಬೇಕಿತ್ತು.

"ಕ್ಯಾಂಪ್ ನಿಮಗೆ ಬೇಡಮ್ಮ," ಎಂದರು ನಮ್ಮ ಪ್ರೊಫೆಸರು. "ಡ್ರಾಯಿಂಗ್ ಹಾಲಲ್ಲೇ ಕೂತು ನಕ್ಷೆ ಬರ್ಕೊಡಿ, ಸಾಕು."

"ಬರ್ತೀನಿ ಸರ್. ನನ್ನಿಂದ ಯಾರಿಗೂ ಏನೂ ತೊಂದ್ರೆ ಆಗಲ್ಲ."

ಈ ಮಾತನ್ನು ನಾನು ನಂಬಿಯೇ ಹೇಳಿದೆ.

ಅವರು ಒಂದು ಷರತ್ತು ಹಾಕಿದರು: ಮನೆಯ ಹಿರಿಯರೊಬ್ಬರು ಜೊತೆಗಿರಬೇಕು. ಹೀಗೆ ಕಾಲೇಜಿನ ಸರ್ವೇ ಕ್ಯಾಂಪಿಗೆ ನಮ್ಮ ಗೌರತ್ತೆ, ಅಂದರೆ ಅಪ್ಪನ ಅಕ್ಕ, ಬಂದಳು. ಹಣೆ ತುಂಬ ವಿಭೂತಿ, ತಲೆಯ ಮೇಲೆ ಸೆರಗು, ಕಂಕುಳಲ್ಲಿ ರೊಟ್ಟಿ ಗಂಟು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದ ಆಕೆಗೆ ಒಂದೇ ಒಂದು ದೋಷವಿತ್ತು. ಕೈ ಸುಮ್ಮನಿಡಲು ಬರುತ್ತಿರಲಿಲ್ಲ.

ಕ್ಯಾಂಪು ಹಿರೇನಲ್ಲೂರಿನ ಆಚೆ, ಒಂದು ದೊಡ್ಡ ಬಯಲಿನಲ್ಲಿ. ಹುಡುಗರೆಲ್ಲ ಊರಿನ ಶಾಲೆಯಲ್ಲಿ ಉಳಿದರು. ರಾತ್ರಿಯಾದರೆ ಅವರ ಹಾಡು, ನಗು ಕೇಳಿಬರುತ್ತಿತ್ತು. ನಾನೂ ಅತ್ತೆಯೂ ಊರಿನ ಇನ್ನೊಂದು ತುದಿಯಲ್ಲಿ, ಪರಿಚಯದವರ ಮನೆಯ ಹೊರಕೋಣೆಯಲ್ಲಿ ಉಳಿದೆವು. ಹಿತ್ತಿಲಲ್ಲಿ ನೀರು ಕಾಯಿಸುವ ಹಂಡೆಯಿತ್ತು. ಒಲೆಗೆ ಹಾಕಲು ಸೌದೆಯಿರಲಿಲ್ಲ. ಆ ಕಡೆಯದು ಒಣ ಸೀಮೆ. ತೆಂಗಿನ ಗರಿ ಬಿದ್ದರೆ ಅದು ನೆಲ ಮುಟ್ಟುವ ಮೊದಲೇ ಯಾರದೋ ಕೈಯಲ್ಲಿರುತ್ತದೆ.

ನಾವು ಮಾಡಬೇಕಾದ ಕೆಲಸಕ್ಕೆ ಟ್ರಾವರ್ಸ್ ಎಂದು ಹೆಸರು. ಬಯಲಿನ ಸುತ್ತ ಮರದ ಗೂಟ ಹೊಡೆದು, ಒಂದು ಗೂಟದಿಂದ ಇನ್ನೊಂದಕ್ಕೆ ಅಳೆಯುತ್ತ ಸುತ್ತಿ ಬಂದು, ಲೆಕ್ಕದಲ್ಲಿ ಮತ್ತೆ ಮೊದಲ ಗೂಟಕ್ಕೇ ಸೇರಬೇಕು. ಹುಡುಗರು ದಿನವಿಡೀ ಗೂಟ ಹೊಡೆದು, ಅರ್ಧದಷ್ಟು ಅಳತೆ ಮುಗಿಸಿದರು. ನಾನು ಛತ್ರಿ ಹಿಡಿದೆ. ಕೋಣೆಗೆ ಹಿಂದಿರುಗಿದಾಗ ತೋಳು ಬಿದ್ದುಹೋಗಿತ್ತು.

"ಬಾರೇ, ನೀರು ಕಾದೈತೆ. ಸ್ನಾನ ಮಾಡು," ಎಂದಳು ಅತ್ತೆ.

ಅಂಥ ಸ್ನಾನವನ್ನು ಆಮೇಲೆ ಎಂದೂ ಮಾಡಿಲ್ಲ. ಹಬೆಯಾಡುವ ನೀರು, ತಂಬಿಗೆ ಮೇಲೆ ತಂಬಿಗೆ. ಇಡೀ ಕಾಲೇಜಿನಲ್ಲಿ ನನ್ನನ್ನು ಕಾಯಲು ಒಬ್ಬರಿದ್ದಾರಲ್ಲ ಎನಿಸಿ ಕಣ್ಣು ತುಂಬಿತು. ಸೌದೆ ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಮರುದಿನ ಬೆಳಿಗ್ಗೆ ತಿಳಿಯಿತು. ನಾನು ಮೈಮೇಲೆ ಹೊಯ್ದುಕೊಂಡದ್ದು ನಮ್ಮ ಟ್ರಾವರ್ಸನ್ನು.

ಬಯಲಿನಲ್ಲಿ ಒಂದು ಗೂಟವೂ ಇರಲಿಲ್ಲ. ಹುಡುಗರು ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಪ್ರೊಫೆಸರು ಊರ ಪುಂಡರನ್ನು ಶಂಕಿಸಿ, ಪಂಚಾಯಿತಿ ಚೇರ್ಮನ್ನರ ಮನೆಗೆ ಹೊರಡಲು ಟೋಪಿ ಹಾಕಿಕೊಳ್ಳುತ್ತಿದ್ದರು. ಆಗ ಅತ್ತೆ ಮುಂದೆ ಬಂದಳು.

"ಆ ಕಡ್ಡೀನಾ ಸ್ವಾಮಿ? ನಾನೇ ತಂದೆ. ಬಯಲಲ್ಲಿ ಯಾರೋ ಚೆಲ್ಲಿಹೋಗಿದ್ರು."

"ಚೆಲ್ಲಿರಲಿಲ್ಲಮ್ಮ, ಹೊಡೆದಿದ್ವಿ!"

"ಅದೇ ಮತ್ತೆ, ಕೀಳೋದ್ರೊಳಗೆ ನನ್ನ ಸೊಂಟ ಹೋಯ್ತು. ಇನ್ನೊಂದ್ಸಲ ಇಷ್ಟು ಆಳಕ್ಕೆ ಹೊಡೀಬೇಡಿ."

ಪ್ರೊಫೆಸರು ಟೋಪಿ ತೆಗೆದರು. ಸದಾನಂದ ನನ್ನ ಕಡೆ ತಿರುಗಿದ. ಆಕಾಶವನ್ನೂ ನೋಡಲಿಲ್ಲ, ಛತ್ರಿಯನ್ನೂ ನೋಡಲಿಲ್ಲ. ಕಾಲೇಜು ಸೇರಿದಂದಿನಿಂದ ಮೊದಲ ಸಲ ನನ್ನ ಮುಖ ನೋಡಿ ಒಂದು ಪೂರ್ತಿ ವಾಕ್ಯ ಆಡಿದ.

"ಇವ್ರು ನಿಮ್ಮ ಅತ್ತೇನಾ?"

"ಹೌದು," ಎಂದೆ. ಎಷ್ಟು ದಿನದಿಂದ ಕಾದಿದ್ದ ಸಂಭಾಷಣೆ! ಇನ್ನೂ ಏನಾದರೂ ಕೇಳುತ್ತಾನೆಂದು ನಿಂತೆ. ಕೇಳಲಿಲ್ಲ.

ಪ್ರೊಫೆಸರು ಶಿಕ್ಷೆ ವಿಧಿಸಿದರು. ಹುಡುಗರು ಕೆರೆ ಏರಿಯ ಅಳತೆಗೆ ಹೋಗಬೇಕು, ಅದಕ್ಕೆ ಬೇರೆ ಯಂತ್ರವಿದೆ. ಸುಟ್ಟ ಟ್ರಾವರ್ಸನ್ನು ಹೊಸ ಗೂಟ ಹೊಡೆದು ಮೊದಲಿನಿಂದ ಕೊನೆಯವರೆಗೆ ನಾನೊಬ್ಬಳೇ ಮಾಡಬೇಕು. ಕೋಲು ಹಿಡಿಯಲು ಗೂಟ ಸುಟ್ಟವರೇ ಬರಲಿ.

ನಾನು ತಲೆ ತಗ್ಗಿಸಿದೆ, ಅಳುತ್ತಿದ್ದೇನೆಂದು ಅವರು ತಿಳಿದಿರಬೇಕು. ಅಂತೂ ಥಿಯೋಡೊಲೈಟ್ ನನ್ನ ಕೈಗೆ ಬಂದಿತ್ತು.

ಕೈಗೆ ಬಂದದ್ದು ಮಾತು ಕೇಳಬೇಕಲ್ಲ. ಯಂತ್ರದ ಮೇಲೊಂದು ಸಣ್ಣ ಗಾಜಿನ ಕೊಳವೆ, ಅದರೊಳಗೊಂದು ಗಾಳಿಗುಳ್ಳೆ. ಕೆಳಗಿನ ತಿರುಪುಗಳನ್ನು ತಿರುಗಿಸಿ ಗುಳ್ಳೆಯನ್ನು ನಟ್ಟನಡುವೆ ನಿಲ್ಲಿಸಬೇಕು. ಪುಸ್ತಕದಲ್ಲಿ ಇದು ಒಂದು ಸಾಲು. ಬಯಲಿನಲ್ಲಿ ಒಂದು ಬೆಳಗು. ಎಡಕ್ಕೆ ಕರೆದರೆ ಬಲಕ್ಕೆ ಓಡುವ ಆ ಗುಳ್ಳೆಯನ್ನು ನಾನು ಬೇಡಿಕೊಂಡೆ, ಬೈದೆ, ಕೊನೆಗೆ ಬಹುವಚನದಲ್ಲಿ ಮಾತಾಡಿಸಿದೆ. ಹೇಗೋ ಬಂದು ನಿಂತಿತು. ಸಂತೋಷದಿಂದ ನಿಟ್ಟುಸಿರು ಬಿಟ್ಟೆ, ಮೊಣಕೈ ತಾಗಿತು. ಹೋಯಿತು.

ಆ ಕಾಲದ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಓದಿ ಗೊತ್ತಿತ್ತು, ನೋಡಿರಲಿಲ್ಲ. ಮೊದಲ ಸಲ ಕಣ್ಣಿಟ್ಟಾಗ ನೆಲ ಮೇಲಿತ್ತು, ಆಕಾಶ ಕೆಳಗಿತ್ತು, ನಡುವೆ ಗೌರತ್ತೆ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು ಬಾವಲಿಯಂತೆ ತೂಗುತ್ತಿದ್ದಳು. ಆಕೆಯ ಬಾಯಿ ಒಂದೇ ಸಮನೆ ಅಲ್ಲಾಡುತ್ತಿತ್ತು. ಗಾಳಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ.

ಊಟದ ಹೊತ್ತಿಗೆ ಕೇಳಿದೆ. "ಅಲ್ಲಿಂದ ಏನ್ ಹೇಳ್ತಿದ್ದೆ ಅತ್ತೆ?"

"ಏನಿಲ್ಲ ಕಣೇ. ಅಷ್ಟು ದೂರದಲ್ಲಿ ಒಬ್ಬಳೇ ನಿಂತಿದ್ಯಲ್ಲ. ಮಾತಾಡ್ತಾ ಇದ್ದೆ."

"ನಂಗೆ ಕೇಳಿಸ್ಲೇ ಇಲ್ಲ."

"ಕೇಳಿಸದಿದ್ರೆ ಬಿಡು. ನಿಂಗೆ ಅಳೆಯೋ ಕೆಲಸ ಇತ್ತು, ನಂಗೇನು ಕೆಲಸ?"

ಚಟ್ನಿ ಖಾರ ಎಂದು ಹೇಳಿ ನೀರು ಕುಡಿದೆ.

ಅಳತೆ ಮುಗಿಸಿ ಲೆಕ್ಕ ಹಾಕಿದೆ. ಹೊರಟ ಗೂಟ ಕಡೂರು ತಾಲ್ಲೂಕಿನಲ್ಲಿತ್ತು. ನನ್ನ ಲೆಕ್ಕದ ಪ್ರಕಾರ ಬಂದು ಸೇರಿದ ಗೂಟವನ್ನು ಹುಡುಕಲು ತರೀಕೆರೆಯ ಬಸ್ಸು ಹಿಡಿಯಬೇಕಾಗಿತ್ತು. ತಪ್ಪು ಎಲ್ಲಿ ಎಂದು ಕೂಡಿದೆ, ಕಳೆದೆ, ಭೂಮಿ ಅಲುಗಿತೋ ಎಂದು ಸಹ ಯೋಚಿಸಿದೆ. ಅನುಮಾನ ಬಂದು ಅತ್ತೆಯನ್ನು ವಿಚಾರಿಸಿದೆ.

"ಕೋಲನ್ನ ಗೂಟದ ಮೇಲೇ ಹಿಡಿದಿದ್ದೆ ತಾನೆ?"

"ಹೂಂ, ಗೂಟದ ಹತ್ರಾನೇ. ಬಿಸಿಲು ಹೆಚ್ಚಾದಾಗ ಮಾತ್ರ ಜಾಲಿ ಮರದ ನೆರಳಿಗೆ ಹೋಗ್ತಿದ್ದೆ. ಕೋಲು ಬಿಟ್ಟು ಹೋಗ್ಲಿಲ್ಲ ಕಣೇ, ಜೊತೆಗೇ ತಗೊಂಡು ಹೋದೆ. ನಾನೇನು ಅಷ್ಟು ದಡ್ಡಿ ಅಲ್ಲ."

ಮತ್ತೆ ಮೊದಲಿನಿಂದ ಅಳೆದೆ. ಆ ಸಲ ನೆರಳು ಬಿಟ್ಟು ನಿಂತಳು, ಆದರೆ ದಾರಿಹೋಕರ ಹೆಂಡತಿ, ಮಕ್ಕಳ ಕ್ಷೇಮ ವಿಚಾರಿಸಲು ನಡುನಡುವೆ ತಿರುಗುತ್ತಿದ್ದಳು. ಕೋಲೂ ತಿರುಗಿ ವಾಲುತ್ತಿತ್ತು. ಮತ್ತೆ ಅಳೆದೆ. ಸಂಜೆ ಹುಡುಗರು ಗುಂಪಾಗಿ ಕೆರೆಯಿಂದ ಬರುವಾಗ ನಮ್ಮನ್ನು ದಾಟಿ ಹೋಗುತ್ತಿದ್ದರು. ಛತ್ರಿಯೂ ಕೆರೆಯ ಯಂತ್ರದ ಪಾಲಾಗಿ ನನ್ನ ಕೈಯಲ್ಲಿಲ್ಲದ್ದರಿಂದ ಅವರಿಗೆ ಮಾತಾಡಿಸಲು ಏನೂ ಇರಲಿಲ್ಲ. ಆದರೆ ಇಷ್ಟು ಸಲ ಕೂರಿಸಿ, ಇಳಿಸಿ, ಕೂರಿಸಿದ್ದರಲ್ಲಿ ಗುಳ್ಳೆಗೂ ನನಗೂ ಸ್ನೇಹವಾಗಿತ್ತು. ತಿರುಪು ಮುಟ್ಟಿದರೆ ಸಾಕು, ನಡುವಿಗೆ ಬಂದು ನಿಲ್ಲುತ್ತಿತ್ತು. ಇಡೀ ಕ್ಯಾಂಪಿನಲ್ಲಿ ನಾನು ಮಾಡಿಕೊಂಡ ಗೆಳೆತನ ಅದೊಂದೇ. ಟ್ರಾವರ್ಸೂ ಒಂದು ದಿನ ಬೇಸತ್ತು ತಾನಾಗಿ ಕೂಡಿಕೊಂಡಿತು.

ಪರೀಕ್ಷೆಯ ದಿನ ಬಂದಿತು. ಪರೀಕ್ಷಕರು ವಯಸ್ಸಾದವರು, ಬಿಸಿಲಿಗೆ ಬಾಡಿದ್ದರು. ಹುಡುಗರು ಒಬ್ಬೊಬ್ಬರಾಗಿ ಯಂತ್ರ ಕೂರಿಸಿ, ಮುಗಿಸಿ, ಅಡಿಗೆಯ ವಾಸನೆ ಹಿಡಿದು ಶಾಲೆಯ ಕಡೆ ಓಡಿದರು. ಕೊನೆಗೆ ಉಳಿದವಳು ನಾನು.

"ನೀವು ಬಿಡಿಯಮ್ಮ," ಎಂದರು ಅವರು. "ಪಾಸ್ ಹಾಕ್ತೀನಿ. ನಿಮಗೆಲ್ಲ ಮುಂದೆ ಆಫೀಸಲ್ಲೇ ಕೆಲಸ. ಯಂತ್ರ ಹೊರೋದು ಯಾಕೆ?"

ಚಿಂತೆಗಾರ್ತಿಯಾದ ನಾನು ಕೈಮುಗಿದು ಓಡಬೇಕಿತ್ತು. ಬಾಯಿ ಬೇರೆಯೇ ಹೇಳಿತು. "ಇಲ್ಲ ಸರ್. ಕೂರಿಸ್ತೀನಿ. ನೀವು ನೋಡ್ಬೇಕು."

ಮೂರು ಕಾಲು ಅಗಲಿಸಿದೆ. ಅಲುಗಬಾರದೆಂದು ಒಂದೊಂದರ ಕಬ್ಬಿಣದ ಮೊನೆಯನ್ನೂ ಪಾದದಿಂದ ಒತ್ತಿ ನೆಲಕ್ಕೆ ಇಳಿಸಿದೆ. ಎಲ್ಲರಿಗಿಂತ ಆಳಕ್ಕೆ. ತಿರುಪು ತಿರುಗಿಸಿದೆ. ಗುಳ್ಳೆ ಬಂದು ನಟ್ಟನಡುವೆ ನಿಂತಿತು. ಅವರು ಬಗ್ಗಿ ನೋಡಿದರು, ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು.

"ಚೆನ್ನಾಗಿದೆ. ಇವತ್ತು ಇಷ್ಟು ಚೆನ್ನಾಗಿ ಯಾರೂ ಕೂರಿಸಿಲ್ಲ," ಎಂದು ಅಂಕ ಬರೆದುಕೊಂಡು ಊಟಕ್ಕೆ ನಡೆದರು.

ನಾನು ಗಂಭೀರವಾಗಿ, ಎಂಜಿನಿಯರಿಗೆ ತಕ್ಕ ಹೆಜ್ಜೆಯಿಟ್ಟು ಹೊರಡಲು ತಿರುಗಿದೆ. ಹೊರಡಲಾಗಲಿಲ್ಲ. ನನ್ನ ಸೀರೆಯ ಅಂಚನ್ನು ಸೇರಿಸಿಯೇ ಯಂತ್ರದ ಒಂದು ಕಾಲಿನ ಮೊನೆಯನ್ನು ನೆಲಕ್ಕೆ ಇಳಿಸಿದ್ದೆ!

ಎಳೆದರೆ ಯಂತ್ರ ಉರುಳುತ್ತದೆ. ಅದರ ಬೆಲೆ ನಮ್ಮ ಇಡೀ ಮನೆಗಿಂತ ಹೆಚ್ಚೆಂದು ಪ್ರೊಫೆಸರು ದಿನಕ್ಕೊಮ್ಮೆ ನೆನಪಿಸುತ್ತಿದ್ದರು. ಕಾಲನ್ನು ಕೀಳಬೇಕಾದರೆ ಇನ್ನೊಬ್ಬರು ಯಂತ್ರ ಹಿಡಿಯಬೇಕು. ಬಿಚ್ಚಿ ಇಡಲು ಪೆಟ್ಟಿಗೆ ದೂರದ ಮರದಡಿ ಇತ್ತು. "ಸರ್," ಎಂದೆ. ಎಷ್ಟು ಮೆಲ್ಲಗೆಂದರೆ ನನಗೇ ಸರಿಯಾಗಿ ಕೇಳಲಿಲ್ಲ. ಕೂಗಬಹುದಿತ್ತು. ಆದರೆ ಇಷ್ಟು ಚೆನ್ನಾಗಿ ಯಾರೂ ಕೂರಿಸಿಲ್ಲ ಎಂದು ಹೇಳಿಸಿಕೊಂಡವಳು ಸೀರೆ ಸಿಕ್ಕಿಕೊಂಡಿದೆಯೆಂದು ಕೂಗುವುದು ಹೇಗೆ? ನಿಂತೆ. ಆ ಬಯಲಿನಲ್ಲಿ ನಾಲ್ಕನೆಯ ಕಾಲಾಗಿ, ಒಬ್ಬಳೇ. ಶಾಲೆಯ ಕಡೆಯಿಂದ ಊಟದ ಗದ್ದಲ ಕೇಳುತ್ತಿತ್ತು. ನಾನು ಬಂದಿಲ್ಲವೆಂದು ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ. ಹೊತ್ತು ಹೋಗಲೆಂದು ಆಗಾಗ ಬಗ್ಗಿ ಗುಳ್ಳೆ ನೋಡಿದೆ. ನಡುವೆಯೇ ಇತ್ತು.

ನೆರಳು ವಾಲಿದ ಮೇಲೆ ಗೌರತ್ತೆ ಹುಡುಕಿಕೊಂಡು ಬಂದಳು.

"ಏನೇ ಇದು, ಎಲ್ರೂ ಉಂಡು ಮಲಗವ್ರೆ. ಪರೀಕ್ಷೆ ಇನ್ನೂ ಮುಗೀಲಿಲ್ವಾ?"

"ಮುಗೀತು ಅತ್ತೆ. ನಾನೇ ಫಸ್ಟು," ಎಂದೆ. "ಸ್ವಲ್ಪ ಈ ಯಂತ್ರ ಹಿಡ್ಕೋ."